ಹಾಸಿಗೆಯ ಪಕ್ಕದ ನಾಯಕತ್ವ

ಕೆಲವು ವರ್ಷಗಳ ಹಿಂದಿನ ಮಾತು. ಊರಿನಿಂದ ಬಂದಿದ್ದ ತಂದೆಯವರಿಗೆ ನ್ಯುಮೋನಿಯಾ ಆಗಿ, ಮುಂಬಯಿ ಉಪನಗರದ ಒಂದು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದೆವು. ಅವರಿಗೆ ಹಳೆಯ ಸಕ್ಕರೆ ಕಾಯಿಲೆ ಬೇರೆ. ಎರಡನೆಯ ರಾತ್ರಿ ಒಂಬತ್ತರ ಹೊತ್ತಿಗೆ ಸಿಸ್ಟರ್ ಬಂದು ಬೆರಳು ಚುಚ್ಚಿ ಸಕ್ಕರೆ ನೋಡಿದರು. ಇನ್ಸುಲಿನ್ ಕೊಟ್ಟು ಊಟ ಮಾಡಿಸಬೇಕಿತ್ತು. ಆದರೆ ಆಕೆ ಚಾರ್ಟನ್ನು ದೀಪದ ಕೆಳಗೆ ಹಿಡಿದು ನೋಡುತ್ತಲೇ ನಿಂತರು, ಆಮೇಲೆ ಹೊರಗೆ ಹೋದರು. ಹತ್ತು ನಿಮಿಷವಾಯಿತು, ಇಪ್ಪತ್ತು ನಿಮಿಷವಾಯಿತು. ತಟ್ಟೆಯ ಅನ್ನ ಆರಿ ತಣ್ಣಗಾಯಿತು.

ನಾನು ಎದ್ದು ಹೋಗಿ ರೇಗಿದೆ. ದಿನಕ್ಕೆ ಇಷ್ಟು ಸಾವಿರ ಬಿಲ್ಲು ಮಾಡುತ್ತೀರಿ, ಒಂದು ಚುಚ್ಚುಮದ್ದಿಗೆ ಇಷ್ಟು ತಡವೇ ಎಂದು ನನ್ನ ಹರುಕು ಹಿಂದಿಯಲ್ಲಿ ಕೇಳಿದೆ. ಆ ಹಿಂದಿಯಿಂದಲೇ ನನ್ನ ಊರು ಗುರುತಿಸಿದರೋ ಏನೋ, ಉತ್ತರ ಕರ್ನಾಟಕದ ಅಚ್ಚ ಕನ್ನಡದಲ್ಲಿ ಉತ್ತರ ಬಂತು: "ಸರ್, ಇಲ್ಲಿ ಬರದದ್ದು ನಾಲ್ಕೋ ನಲವತ್ತೋ ಸರಿ ತಿಳೀವಲ್ದು. ಡಾಕ್ಟರಿಗೆ ಫೋನ್ ಹಚ್ಚೀನಿ, ಎತ್ತವಲ್ರು."

ಮೂರನೆಯ ಸಲ ಡಾಕ್ಟರು ಫೋನ್ ಎತ್ತಿದರು. ಇಷ್ಟಕ್ಕೆಲ್ಲ ಯಾಕೆ ಕರೆಯುತ್ತೀರಿ ಎಂಬ ಗದರಿಕೆ ನನಗೂ ಕೇಳಿಸಿತು. ಆಕೆ ಗದರಿಕೆಗೆ ಉತ್ತರ ಕೊಡಲಿಲ್ಲ. "ನಾಲ್ಕು ಯೂನಿಟ್, ಬರೀ ನಾಲ್ಕು, ಹೌದಲ್ಲ ಸರ್?" ಎಂದು ತಿರುಗಿ ಕೇಳಿ, ಹೌದೆನಿಸಿಕೊಂಡು, ಅಂಕಿಯ ಜೊತೆಗೆ ಅಕ್ಷರದಲ್ಲೂ ಬರೆದು, ಸಮಯ ಹಾಕಿ ಸಹಿ ಮಾಡಿದರು. ಆಮೇಲೆಯೇ ಸೂಜಿ ಎತ್ತಿಕೊಂಡದ್ದು.

ಯೂನಿಟ್ ಎಂಬುದಕ್ಕೆ ಅವಸರದಲ್ಲಿ ಇಂಗ್ಲಿಷಿನ 'ಯು' ಅಕ್ಷರವೊಂದನ್ನೇ ಬರೆದರೆ ಅದು ಸೊನ್ನೆಯಂತೆ ಕಾಣುತ್ತದೆ, ನಾಲ್ಕು ನಲವತ್ತಾಗುತ್ತದೆ ಎಂಬುದು ನನಗೆ ಆಮೇಲೆ ತಿಳಿಯಿತು. ಹಾಗೆ ಬರೆಯಲೇಬಾರದು ಎಂಬುದು ವೈದ್ಯಕೀಯ ಸುರಕ್ಷತೆಯ ಹಳೆಯ ಪಾಠವಂತೆ. ಎರಡು ತುತ್ತು ಉಣ್ಣುವ ವೃದ್ಧರಿಗೆ ನಲವತ್ತು ಯೂನಿಟ್ ಹೋಗಿದ್ದರೆ ಆ ರಾತ್ರಿ ನಿದ್ದೆಯಲ್ಲೇ ಸಕ್ಕರೆ ಇಳಿದು ಏನಾಗುತ್ತಿತ್ತೋ ನೆನೆಯಲು ಭಯವಾಗುತ್ತದೆ. ಆಕೆ ಮೂರು ವರ್ಷದ ಜಿಎನ್‌ಎಂ ಮುಗಿಸಿ ಬಂದಿದ್ದ ಹುಡುಗಿ. ವಾರ್ಡಿನಲ್ಲಿ ಎಲ್ಲರಿಗಿಂತ ಕಿರಿಯರು.

ನಾಯಕತ್ವ, ವೃತ್ತಿನೀತಿ ಎಂಬ ಮಾತುಗಳು ಬಂದಾಗಲೆಲ್ಲ ನನಗೆ ಮೇಟ್ರನ್ ಕುರ್ಚಿಯಲ್ಲ, ಆ ಫೋನ್ ಕರೆ ನೆನಪಾಗುತ್ತದೆ. ಅದರ ಹಿಂದೆಯೇ ಇನ್ನೊಂದು ಆಸ್ಪತ್ರೆ, ಇನ್ನೊಬ್ಬ ಕಿರಿಯ ದಾದಿ ನೆನಪಾಗುತ್ತಾರೆ.

ಹಳದೀಪುರದಿಂದ ಪರೇಲಿಗೆ

ಅರುಣಾ ಶಾನಭಾಗ್ ಹೆಸರು ಕೇಳದ ಮುಂಬಯಿ ಕನ್ನಡಿಗರು ಕಡಿಮೆ. ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಬಂದು, ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಿರಿಯ ದಾದಿಯಾಗಿದ್ದವರು. 1973ರ ನವೆಂಬರ್ 27ರ ಸಂಜೆ, ಕೆಲಸ ಮುಗಿಸಿ ಬಟ್ಟೆ ಬದಲಿಸುತ್ತಿದ್ದಾಗ, ಅದೇ ಆಸ್ಪತ್ರೆಯ ಸಫಾಯಿ ನೌಕರನೊಬ್ಬ ನಾಯಿಯ ಸರಪಳಿಯಿಂದ ಅವರ ಕತ್ತು ಬಿಗಿದು ಹಲ್ಲೆ ಮಾಡಿದ. ಮೆದುಳಿಗೆ ಆಮ್ಲಜನಕ ನಿಂತುಹೋಯಿತು. ಆಗ ಅವರಿಗೆ 25 ವರ್ಷ. ಅಲ್ಲಿಂದ 2015ರ ಮೇ 18ರಂದು ನ್ಯುಮೋನಿಯಾದಿಂದ ಕೊನೆಯುಸಿರೆಳೆಯುವ ತನಕ ಅವರು ಅದೇ ಆಸ್ಪತ್ರೆಯಲ್ಲಿ ಮಲಗಿದ್ದರು.

ಲೇಖಕಿ ಪಿಂಕಿ ವಿರಾನಿ 1998ರಲ್ಲಿ ಅರುಣಾ ಕುರಿತು ಪುಸ್ತಕ ಬರೆದರು. ಆ ಪುಸ್ತಕದ ಪ್ರಕಾರ, ಪ್ರಯೋಗಾಲಯದ ನಾಯಿಗಳ ಆಹಾರ ಕದಿಯುತ್ತಿದ್ದ ಆ ನೌಕರನನ್ನು ಅರುಣಾ ಗದರಿಸಿದ್ದರು, ಮೇಲಿನವರಿಗೆ ದೂರು ಕೊಡುವುದಾಗಿಯೂ ಹೇಳಿದ್ದರು. ಇದನ್ನು ಓದಿದಾಗ ನನಗೆ ಅನಿಸಿದ್ದು ಇಷ್ಟು: ತಪ್ಪನ್ನು ತಪ್ಪು ಎನ್ನುವುದು ವೃತ್ತಿಧರ್ಮ ಎಂದು ಶಾಲೆಯಲ್ಲಿ ಕಲಿಸುತ್ತಾರೆ. ಹಾಗೆ ಹೇಳಿದವಳಿಗೆ ಬಟ್ಟೆ ಬದಲಿಸಲು ಭದ್ರವಾದ ಒಂದು ಕೋಣೆ ಇದೆಯೇ ಎಂದು ಯಾರೂ ನೋಡಿರಲಿಲ್ಲ.

ಆಗ ಮುಂಬಯಿಯ ದಾದಿಯರು ಮುಷ್ಕರ ಹೂಡಿದರು. ಅರುಣಾಗೆ ಒಳ್ಳೆಯ ಆರೈಕೆ ಬೇಕು, ನಮಗೆ ಸುರಕ್ಷಿತ ಕೆಲಸದ ಸ್ಥಳ ಬೇಕು ಎಂಬುದು ಅವರ ಬೇಡಿಕೆ. ಎಂಬತ್ತರ ದಶಕದಲ್ಲಿ ಹಾಸಿಗೆ ತೆರವು ಮಾಡಲೆಂದು ಮಹಾನಗರಪಾಲಿಕೆ ಅರುಣಾರನ್ನು ಬೇರೆಡೆ ಸಾಗಿಸಲು ನೋಡಿತು. ಮತ್ತೆ ಅಡ್ಡ ನಿಂತವರು ದಾದಿಯರೇ. ಪಾಲಿಕೆ ಹಿಂದೆ ಸರಿಯಿತು.

ಎರಡು ಗಂಟೆಗೊಮ್ಮೆ

ಆಮೇಲಿನ ಕಥೆಯಲ್ಲಿ ಘೋಷಣೆಯಿಲ್ಲ, ಬರೀ ಕೆಲಸವಿದೆ. ಅಲುಗಾಡದೆ ಮಲಗಿದ ರೋಗಿಯ ಸೊಂಟ, ಹಿಮ್ಮಡಿ, ಬೆನ್ನಿನ ಎಲುಬಿರುವ ಕಡೆಗಳಲ್ಲಿ ಒತ್ತಡ ಬಿದ್ದು ರಕ್ತ ಹರಿಯುವುದು ನಿಲ್ಲುತ್ತದೆ, ಚರ್ಮ ಸಾಯುತ್ತದೆ, ಹುಣ್ಣಾಗುತ್ತದೆ. ಅದನ್ನು ತಡೆಯಲು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಮೈ ಒಣಗಿರುವಂತೆ ನೋಡಬೇಕು, ಹಾಸಿಗೆಯ ಮಡಿಕೆ ತೆಗೆಯಬೇಕು. ದಿನಕ್ಕೆ 12 ಸಲ ಎಂದರೆ ವರ್ಷಕ್ಕೆ 4,380 ಸಲ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯನ್ನು ಆರು ತಿಂಗಳು ನೋಡಿಕೊಂಡವರಿಗೆ ಈ ಲೆಕ್ಕದ ಭಾರ ಗೊತ್ತು.

2011ರಲ್ಲಿ ಅರುಣಾ ಪ್ರಕರಣ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ, ಅಷ್ಟು ವರ್ಷ ಮಲಗಿದ್ದರೂ ಮೈಮೇಲೆ ಒಂದೂ ಹಾಸಿಗೆ ಹುಣ್ಣಿಲ್ಲ ಎಂಬ ಸಂಗತಿ ದಾಖಲಾಯಿತು. 2010ರಲ್ಲಿ ಜ್ವರ ಬಂದು ಕೊಳವೆ ಹಾಕುವ ತನಕ ಬಾಯಿಗೇ ಆಹಾರ ಕೊಡುತ್ತಿದ್ದರು. ಮೀನಿನ ಆಹಾರ ಕೊಟ್ಟಾಗ ಮುಖ ಅರಳುತ್ತದೆ ಎಂದು ಸಿಬ್ಬಂದಿ ಹೇಳುತ್ತಿದ್ದರು. ಕರಾವಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ನಾಲ್ಕು ದಶಕಗಳಲ್ಲಿ ಎಷ್ಟೋ ದಾದಿಯರು ಸೇರಿ ಎಷ್ಟೋ ಮಂದಿ ನಿವೃತ್ತರಾದರು. ಅರುಣಾ ಓಡಾಡಿದ್ದನ್ನು ಕಂಡೇ ಇರದ ಹುಡುಗಿಯರು, ಹಿರಿಯರು ತೋರಿಸಿಕೊಟ್ಟ ಹಾಗೆ ಆ ಕೆಲಸ ಮುಂದುವರಿಸಿದರು. ಒಬ್ಬರ ಕರುಣೆಯಿಂದ ಇದು ಆಗುವುದಿಲ್ಲ, ಕರುಣೆ ಪಾಳಿ ಮುಗಿದಾಗ ಮನೆಗೆ ಹೋಗುತ್ತದೆ. ಪಾಳಿಯಿಂದ ಪಾಳಿಗೆ ಹೊಣೆ ಹಸ್ತಾಂತರವಾಗುವ ಪದ್ಧತಿಯಿಂದ ಮಾತ್ರ ಆಗುತ್ತದೆ. ವೃತ್ತಿಪರತೆ ಎಂದರೆ ಅದೇ.

ಆದರೆ ಇಲ್ಲಿ ಒಂದು ಕಠಿಣ ಪ್ರಶ್ನೆಯೂ ಇದೆ. ಅರುಣಾಗೆ ಬಲವಂತವಾಗಿ ಆಹಾರ ಕೊಡುವುದನ್ನು ನಿಲ್ಲಿಸಿ, ಶಾಂತಿಯಿಂದ ಹೋಗಲು ಬಿಡಿ ಎಂದು ಪಿಂಕಿ ವಿರಾನಿ ನ್ಯಾಯಾಲಯಕ್ಕೆ ಹೋಗಿದ್ದರು. ಆಸ್ಪತ್ರೆಯ ಸಿಬ್ಬಂದಿ ಬೇಡವೆಂದರು. 2011ರ ಮಾರ್ಚ್ 7ರ ತೀರ್ಪಿನಲ್ಲಿ ಕೋರ್ಟು, ಆಕೆಯ ಪರವಾಗಿ ಮಾತಾಡುವ ಆಪ್ತರು ಇಷ್ಟು ವರ್ಷ ನೋಡಿಕೊಂಡ ಕೆ.ಇ.ಎಂ. ಸಿಬ್ಬಂದಿಯೇ ಎಂದು ಹೇಳಿ ಅರ್ಜಿಯನ್ನು ತಳ್ಳಿಹಾಕಿತು. ಅದೇ ತೀರ್ಪಿನಲ್ಲಿ, ಬೇರೆ ಪ್ರಕರಣಗಳಲ್ಲಿ ಹೈಕೋರ್ಟಿನ ಅನುಮತಿ ಪಡೆದು ಜೀವರಕ್ಷಕ ಚಿಕಿತ್ಸೆ ನಿಲ್ಲಿಸಬಹುದು ಎಂಬ ದಾರಿಯನ್ನೂ ತೆರೆಯಿತು. ಇಬ್ಬರದ್ದೂ ಪ್ರೀತಿಯೇ. ಯಾರೂ ಕೇಳಲಾಗದೆ ಹೋದದ್ದು ಅರುಣಾರ ಸ್ವಂತ ಮಾತು. ಪ್ರಜ್ಞೆ ಇರುವಾಗಲೇ ತನ್ನ ಇಚ್ಛೆಯನ್ನು ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟು 2018ರಲ್ಲಿ ಒಪ್ಪಿಕೊಂಡಿತು. ಪ್ರೀತಿ ಎಷ್ಟೇ ಇರಲಿ, ರೋಗಿಯ ಇಚ್ಛೆ ಏನು ಎಂದು ಮೊದಲು ಕೇಳಬೇಕೆಂಬುದು ದಾದಿಯರಿಗಷ್ಟೇ ಅಲ್ಲ, ಮನೆಮಂದಿಗೂ ಪಾಠ.

ಆಜ್ಞೆಯಿಂದ ಹೊಣೆಗೆ

ದಾದಿ ಎಂದರೆ ಡಾಕ್ಟರು ಹೇಳಿದ್ದನ್ನು ಮಾಡುವವಳು ಎಂಬ ಕಲ್ಪನೆ ನಮ್ಮಲ್ಲಿ ಇನ್ನೂ ಗಟ್ಟಿಯಾಗಿದೆ. ಒಂದು ಕಾಲದಲ್ಲಿ ಈ ವೃತ್ತಿಯೂ ಹಾಗೆಯೇ ನಂಬಿತ್ತು. ಅಂತರರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ಮೊದಲ ನೀತಿಸಂಹಿತೆ ಒಪ್ಪಿಕೊಂಡಾಗ, ವೈದ್ಯರ ಆದೇಶವನ್ನು ನಿಷ್ಠೆಯಿಂದ ಪಾಲಿಸುವುದು ಅದರಲ್ಲಿ ಒಂದು ಕರ್ತವ್ಯವಾಗಿತ್ತು. 1973ರ ಪರಿಷ್ಕರಣೆಯಲ್ಲಿ ಆ ಮಾತು ಹೋಗಿ, ದಾದಿಯ ಮೊದಲ ಹೊಣೆ ಆರೈಕೆ ಬೇಕಾದ ಜನರಿಗೆ ಎಂದಾಯಿತು. ಅರುಣಾ ಬಿದ್ದ ವರ್ಷವೂ ಅದೇ.

ಈ ಬದಲಾವಣೆಯ ಅರ್ಥ ಡಾಕ್ಟರ ಮಾತು ಮೀರುವುದಲ್ಲ. ಸಂಶಯ ಬಂದಾಗ ಕೇಳುವುದು ಅಧಿಕಪ್ರಸಂಗವಲ್ಲ, ಅದು ಕೆಲಸದ ಭಾಗ. ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ, ಸರಿಯಾದ ಸಮಯ ಎಂಬ ಐದು 'ಸರಿ'ಗಳನ್ನು ಪ್ರತಿ ನರ್ಸಿಂಗ್ ವಿದ್ಯಾರ್ಥಿನಿ ಬಾಯಿಪಾಠ ಮಾಡಿರುತ್ತಾಳೆ. ಪರೀಕ್ಷೆಯಲ್ಲಿ ಬರೆಯುವುದು ಸುಲಭ. ರಾತ್ರಿ ಒಂಬತ್ತೂವರೆಗೆ, ಒಂದು ಕಡೆ ಗದರುವ ಡಾಕ್ಟರು, ಇನ್ನೊಂದು ಕಡೆ ರೇಗುವ ನನ್ನಂಥ ಮಗ ಇರುವಾಗ ಮೂರನೆಯ 'ಸರಿ'ಗಾಗಿ ಮೂರನೆಯ ಸಲ ಫೋನ್ ಮಾಡುವುದು ಸುಲಭವಲ್ಲ.

ತಪ್ಪಾದಾಗ ಒಪ್ಪಿಕೊಳ್ಳುವುದೂ ಇದೇ ಹೊಣೆಯ ಇನ್ನೊಂದು ಮುಖ. ಔಷಧ ತಪ್ಪಿದರೆ ಕೂಡಲೇ ಹೇಳಿದರೆ ರೋಗಿ ಉಳಿಯುತ್ತಾನೆ, ಮುಚ್ಚಿಟ್ಟರೆ ಉಳಿಯದಿರಬಹುದು. ಹೇಳಿದವಳನ್ನು ಎಲ್ಲರೆದುರು ಬೈದು, ಸಂಬಳ ಕತ್ತರಿಸುವ ವಾರ್ಡಿನಲ್ಲಿ ಮುಂದಿನ ಸಲ ಯಾರೂ ಬಾಯಿ ಬಿಡುವುದಿಲ್ಲ. ಹಿರಿಯ ದಾದಿಯ ನಾಯಕತ್ವದ ಪರೀಕ್ಷೆ ಇರುವುದು ಇಲ್ಲಿ. ನಮ್ಮ ಡಾಕ್ಟರು ಮರುದಿನ ಚಾರ್ಜ್ ಸಿಸ್ಟರ್ ಬಳಿ ದೂರು ಹೇಳಿದರಂತೆ. ಆ ಹಿರಿಯ ಮರಾಠಿ ಹೆಂಗಸು, "ನಾನಿದ್ದರೂ ಫೋನ್ ಮಾಡುತ್ತಿದ್ದೆ" ಎಂದರಂತೆ. ಮಾತು ಅಲ್ಲಿಗೆ ಮುಗಿಯಿತು.

ದಾದಿಯ ಬೆನ್ನಿಗೆ ಯಾರು?

ಎಲ್ಲ ಕಡೆ ಅಂಥ ಚಾರ್ಜ್ ಸಿಸ್ಟರ್ ಇರುವುದಿಲ್ಲ. ಸಾಮಾನ್ಯ ವಾರ್ಡಿನಲ್ಲಿ ಐದು ರೋಗಿಗಳಿಗೆ ಒಬ್ಬ ದಾದಿ, ಬೋಧನಾ ಆಸ್ಪತ್ರೆಯಲ್ಲಿ ಮೂವರಿಗೆ ಒಬ್ಬರು ಇರಬೇಕು ಎಂಬುದು ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡ. ಯಾವುದಾದರೂ ವಾರ್ಡಿನಲ್ಲಿ ರಾತ್ರಿ ಹೊತ್ತು ನಿಂತು ಎಣಿಸಿ ನೋಡಿ. ಇಪ್ಪತ್ತು ಹಾಸಿಗೆಗೆ ಒಬ್ಬರೇ ಇದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಮಾತೆಲ್ಲಿ? ಆಗ ನೀತಿ ತಪ್ಪಿದವರು ದಾದಿಯೋ, ಪಾಳಿ ಹಾಕಿದವರೋ?

ಸಂಬಳದ ಕಥೆಯೂ ಹಾಗೆಯೇ. ಸುಪ್ರೀಂ ಕೋರ್ಟಿನ ಸೂಚನೆಯಂತೆ ರಚನೆಯಾದ ಸಮಿತಿ 2016ರಲ್ಲಿ, 50 ಹಾಸಿಗೆಗಿಂತ ಚಿಕ್ಕ ಖಾಸಗಿ ಆಸ್ಪತ್ರೆಯಲ್ಲೂ ದಾದಿಗೆ ತಿಂಗಳಿಗೆ 20,000 ರೂಪಾಯಿಗಿಂತ ಕಡಿಮೆ ಕೊಡಬಾರದು, 200 ಹಾಸಿಗೆ ಮೀರಿದ ಆಸ್ಪತ್ರೆಯಲ್ಲಿ ಸರಕಾರಿ ದಾದಿಯಷ್ಟೇ ಕೊಡಬೇಕು ಎಂದು ಶಿಫಾರಸು ಮಾಡಿತು. ಅನೇಕ ನರ್ಸಿಂಗ್ ಹೋಮುಗಳಲ್ಲಿ ಅದು ಕಾಗದದಲ್ಲೇ ಇದೆ. ಮೂಲ ಪ್ರಮಾಣಪತ್ರಗಳನ್ನು ಒತ್ತೆ ಇಟ್ಟುಕೊಳ್ಳುವ ಬಾಂಡ್ ಪದ್ಧತಿಯ ವಿರುದ್ಧ ದಾದಿಯರು ಬೀದಿಗಿಳಿಯಬೇಕಾಗಿ ಬಂದದ್ದೂ ಉಂಟು. ನಾವು ಈ ಕೆಲಸವನ್ನು 'ಸೇವೆ' ಎಂದು ಕರೆದು ಕೈ ಮುಗಿಯುತ್ತೇವೆ. ಸೇವೆ ಎಂದಾಕ್ಷಣ ಸಂಬಳ ಕೇಳುವುದು ಸಣ್ಣತನ ಎನಿಸಿಬಿಡುತ್ತದೆ.

ಸುರಕ್ಷತೆಯ ವಿಷಯದಲ್ಲಿ ಕಾನೂನುಗಳು ಬಂದಿವೆ. ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆ ತಡೆಯಲು ಮಹಾರಾಷ್ಟ್ರದಲ್ಲಿ 2010ರ ಕಾಯ್ದೆ ಇದೆ. ಆದರೂ 2024ರ ಆಗಸ್ಟಿನಲ್ಲಿ ಕೋಲ್ಕತ್ತದ ಯುವ ವೈದ್ಯೆಯ ಹತ್ಯೆಯ ಪ್ರಕರಣ ಕೈಗೆತ್ತಿಕೊಂಡಾಗ ಸುಪ್ರೀಂ ಕೋರ್ಟು ಮತ್ತೆ ಅರುಣಾ ಶಾನಭಾಗ್ ಹೆಸರನ್ನು ನೆನೆಯಬೇಕಾಯಿತು. ಐವತ್ತು ವರ್ಷ ಕಳೆದ ಮೇಲೂ ಪ್ರಶ್ನೆ ಅದೇ: ರಾತ್ರಿ ಪಾಳಿಯವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ ಇದೆಯೇ?

ನಾವು ಮಾಡಬಹುದಾದದ್ದು

ಮಕ್ಕಳು ಒಂದು ಊರಲ್ಲಿ, ತಂದೆತಾಯಿ ಇನ್ನೊಂದು ಊರಲ್ಲಿ ಇರುವ ನಮ್ಮಂಥವರು ಇಂದು ಮನೆಗೇ ನರ್ಸ್ ಕರೆಸುತ್ತೇವೆ. ಏಜೆನ್ಸಿ ಕಳಿಸುವ ಎಲ್ಲರೂ ದಾದಿಯರಲ್ಲ. ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ನಾಲ್ಕು ವರ್ಷದ ಬಿ.ಎಸ್ಸಿ. ಮಾಡಿದವರು ರಾಜ್ಯದ ನರ್ಸಿಂಗ್ ಪರಿಷತ್ತಿನಲ್ಲಿ ನೋಂದಾಯಿತರಾಗಿರುತ್ತಾರೆ. ನೋಂದಣಿ ಸಂಖ್ಯೆ ಕೇಳಿ, ಅದು ಅವಮಾನವಲ್ಲ. 2023ರಲ್ಲಿ ಸಂಸತ್ತು ಒಪ್ಪಿದ ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗ ಕಾಯ್ದೆಯೂ ನೋಂದಣಿಗೆ, ವೃತ್ತಿನೀತಿಗೆ ಪ್ರತ್ಯೇಕ ಮಂಡಳಿಯೊಂದನ್ನು ಹೇಳಿದೆ.

ಸ್ನಾನ, ಊಟ ನೋಡಿಕೊಳ್ಳಲು ಬಂದ ಅಟೆಂಡೆಂಟ್ ಹತ್ತಿರ, ನಮ್ಮೂರ ಆಸ್ಪತ್ರೆಯಲ್ಲಿ ಮಾವಶಿ ಎನ್ನುವವರ ಹತ್ತಿರ, "ಒಂದು ಇಂಜೆಕ್ಷನ್ ತಾನೇ, ಹಾಕಿಬಿಡು" ಎನ್ನಬೇಡಿ. ಆಕೆ ಒಲ್ಲೆ ಎಂದರೆ ಬೇಸರಿಸಬೇಡಿ, ಒಲ್ಲೆ ಎಂದದ್ದೇ ಆಕೆಯ ಅರ್ಹತೆ. ಹನ್ನೆರಡು ಗಂಟೆಯ ಪಾಳಿ ಎಂದು ಮಾತಾಡಿ ಹದಿನಾಲ್ಕು ಗಂಟೆ ಕೂರಿಸಬೇಡಿ. ಆಸ್ಪತ್ರೆಯಲ್ಲಿ ಒಳ್ಳೆಯ ದಾದಿ ಸಿಕ್ಕರೆ ಬಿಡುಗಡೆಯ ದಿನ ಚಾಕೊಲೇಟ್ ಡಬ್ಬಿಯ ಬದಲು ಆಡಳಿತಕ್ಕೆ ನಾಲ್ಕು ಸಾಲು ಬರೆದು ಕೊಡಿ. ಅದು ಆಕೆಯ ಕಡತದಲ್ಲಿ ಉಳಿಯುತ್ತದೆ.

ನಾನು ಅದನ್ನೂ ಮಾಡಲಿಲ್ಲ. ತಂದೆಯವರನ್ನು ಕರೆದುಕೊಂಡು ಹೊರಡುವ ದಿನ ಆಕೆಯನ್ನು ಹುಡುಕಿಕೊಂಡು ಹೋದೆ, ಅಂದು ರೇಗಿದ್ದಕ್ಕೆ ಕ್ಷಮೆ ಕೇಳೋಣವೆಂದು. ಪಾಳಿ ಬದಲಾಗಿ ಆಕೆ ಹಾಸ್ಟೆಲಿನಲ್ಲಿ ಮಲಗಿದ್ದರು. ಎಬ್ಬಿಸುವುದು ಬೇಡ ಎಂದೆ. ತಂದೆಯವರು ಆಮೇಲೆ ಊರಿನಲ್ಲಿ ಆರು ವರ್ಷ ಬದುಕಿದರು. ಸಕ್ಕರೆ ನೋಡಿಕೊಳ್ಳುವಾಗಲೆಲ್ಲ, "ಆ ನಮ್ಮ ಕಡೀ ಹುಡುಗಿ ಎಲ್ಲದಾಳೋ" ಎಂದು ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರವಿರಲಿಲ್ಲ. ಹೆಸರು ಕೂಡ ಕೇಳಿಟ್ಟುಕೊಂಡಿರಲಿಲ್ಲ, ಎಲ್ಲರಂತೆ ನಾನೂ 'ಸಿಸ್ಟರ್' ಎಂದೇ ಕರೆದಿದ್ದೆ.