ಘಟ್ಟದ ಬಸ್ಸು ನಿಂತ ಬಗೆ

ಉಡುಪಿಯ ಸರ್ವಿಸ್ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತು ನೋಡಿದವರಿಗೆ, ಬಸ್ಸಿನ ವ್ಯಾಪಾರದಷ್ಟು ಭದ್ರವಾದ ವ್ಯಾಪಾರ ಮತ್ತೊಂದಿಲ್ಲವೆಂದೇ ತೋರಬಹುದು. ಒಂದು ಗಾಡಿ ಹೊರಡುವ ಮೊದಲೇ ಅದರ ಬೆನ್ನಿಗೆ ಇನ್ನೊಂದು ಬಂದು ನಿಲ್ಲುತ್ತದೆ. ಏಜೆಂಟರು ಕಾರ್ಕಳ, ಕಾಪು, ಕುಂದಾಪುರವೆಂದು ಕೂಗುತ್ತಾರೆ. ಕಂಡಕ್ಟರನ ಚೀಲ ತುಂಬುತ್ತಲೇ ಇರುತ್ತದೆ. ಇಲ್ಲಿ ಉದ್ದರಿಯ ಮಾತಿಲ್ಲ. ಗಿರಾಕಿಯು ಹಣವನ್ನು ಮುಂದಾಗಿ ಕೊಟ್ಟೇ ಕುಳಿತುಕೊಳ್ಳುತ್ತಾನೆ. ಹೀಗಿರುವಾಗ ಎಪ್ಪತ್ತು ಬಸ್ಸುಗಳ ಸಂಸ್ಥೆಯೊಂದು ಒಂದು ದಿನ ಥಟ್ಟನೆ ನಿಂತುಹೋಗುವುದೆಂದರೆ ಹೇಗೆ? ಈ ಭಾಷಣದಲ್ಲಿ ವಿಚಾರಿಸತಕ್ಕ ಪ್ರಶ್ನೆ ಇದು.

೨೦೨೦ನೆಯ ಇಸವಿ ಫೆಬ್ರವರಿ ತಿಂಗಳಿನಲ್ಲಿ ಕೊಪ್ಪದ ಸಹಕಾರ ಸಾರಿಗೆ ಸಂಸ್ಥೆಯು ತನ್ನ ಸಂಚಾರವನ್ನು ನಿಲ್ಲಿಸಿತು. ಕೊಪ್ಪವು ಚಿಕ್ಕಮಗಳೂರು ಜಿಲ್ಲೆಗೆ ಸೇರಿದ ಊರಾದರೂ ಈ ಬಸ್ಸುಗಳು ನಮಗೆ ಪರಕೀಯವಾಗಿರಲಿಲ್ಲ. ಮಲೆನಾಡಿನ ಊರುಗಳಿಂದ ಘಟ್ಟವಿಳಿದು ಉಡುಪಿ, ಮಂಗಳೂರುಗಳವರೆಗೆ ಅವು ಬರುತ್ತಿದ್ದವು. ಆಸ್ಪತ್ರೆಗೆಂದು ಮಣಿಪಾಲಕ್ಕೆ ಬರುವ ರೋಗಿಗಳು, ಕಾಲೇಜಿಗೆ ಬರುವ ಹುಡುಗರು, ಮಠದ ದರ್ಶನಕ್ಕೆ ಬರುವ ಹಿರಿಯರು ಇವರೆಲ್ಲರಿಗೂ ಘಟ್ಟದ ಬಸ್ಸೇ ಆಧಾರ. ಆಗ ನನ್ನ ತರಗತಿಯಲ್ಲಿ ಶೃಂಗೇರಿಯ ಕಡೆಯ ವಿದ್ಯಾರ್ಥಿಯೊಬ್ಬನಿದ್ದನು. ಶನಿವಾರ ಮಧ್ಯಾಹ್ನದ ಕೊನೆಯ ಪಾಠದಲ್ಲಿ ಅವನ ಕಣ್ಣು ಪುಸ್ತಕದ ಮೇಲಿರುವುದಕ್ಕಿಂತ ಗಡಿಯಾರದ ಮೇಲೆ ಹೆಚ್ಚಾಗಿರುತ್ತಿತ್ತು. ಒಂದು ಶನಿವಾರ ಅವನು ಗಡಿಯಾರವನ್ನು ನೋಡಲೇ ಇಲ್ಲ. ಕೇಳಿದಾಗ, "ಬಸ್ಸು ನಿಂತಿತು, ಸಾರ್" ಎಂದನು. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದ್ದು ಅಂದಿನಿಂದ.

ಈ ಸಂಸ್ಥೆ ಹುಟ್ಟಿದ ರೀತಿಯೇ ವಿಶೇಷವಾದದ್ದು. ಕೊಪ್ಪದಲ್ಲಿ ಶಂಕರ್ ಕಂಪೆನಿಯೆಂದು ಜನ ಕರೆಯುತ್ತಿದ್ದ ಖಾಸಗಿ ಬಸ್ಸು ಕಂಪೆನಿಯೊಂದಿತ್ತು. ಆಡಳಿತಕ್ಕೂ ಕೆಲಸಗಾರರಿಗೂ ವಿವಾದ ಬೆಳೆದು ಆ ಕಂಪೆನಿ ಮುಚ್ಚಿತು. ಕೆಲಸಗಾರರಿಗೆ ಸಲ್ಲಬೇಕಾದ ಹಣಕ್ಕೆ ಬದಲಾಗಿ ಕೆಲವು ಬಸ್ಸುಗಳು ಅವರ ಕೈಗೆ ಬಂದವು. ಅವುಗಳನ್ನು ಮಾರಿ ಹಣ ಹಂಚಿಕೊಂಡು ಮನೆಗೆ ಹೋಗುವುದು ಸುಲಭವಾದ ದಾರಿಯಾಗಿತ್ತು. ಅವರು ಹಾಗೆ ಮಾಡದೆ, ೧೯೯೧ರಲ್ಲಿ ಒಂದು ಸಹಕಾರ ಸಂಘವನ್ನು ಕಟ್ಟಿ, ತಾವೇ ಯಜಮಾನರೂ ತಾವೇ ನೌಕರರೂ ಆದರು. ಬೆರಳೆಣಿಕೆಯ ಗಾಡಿಗಳಿಂದ ಪ್ರಾರಂಭವಾದ ಸಂಘವು ಏಳ್ಗೆಯ ಕಾಲದಲ್ಲಿ ೭೦ಕ್ಕೂ ಮಿಕ್ಕ ಬಸ್ಸುಗಳನ್ನು ಓಡಿಸಿತು. ವಿದ್ಯಾರ್ಥಿಗಳಿಗೆ ರಿಯಾಯಿತಿಯ ಪಾಸುಗಳನ್ನು ಕೊಟ್ಟಿತು. ಸರ್ಕಾರದ ಬಸ್ಸೂ ಲಾಭಾಸಕ್ತನ ಬಸ್ಸೂ ಹೋಗದ ಕಾಡಿನ ಮೂಲೆಗಳಿಗೆ ಹೋಯಿತು. ಸುಮಾರು ಇಪ್ಪತ್ತೊಂಬತ್ತು ವರ್ಷ ಬಾಳಿದ ಮೇಲೆ ನಿಂತಿತು.

ಇನ್ನು ಕಾರಣಕ್ಕೆ ಬರೋಣ. ಬಸ್ಸು ವ್ಯಾಪಾರದ ಮರ್ಮವೇನೆಂದರೆ, ಅದರಲ್ಲಿ ಹಣ ಬರುವ ವೇಳೆ ಬೇರೆ, ಹಣ ಕೊಡಬೇಕಾದ ವೇಳೆ ಬೇರೆ. ಹಣ ದಿನದಿನವೂ ಬರುತ್ತದೆ. ಡೀಸಲ್ಲನ್ನೂ ಬಾಟಾವನ್ನೂ ಬಿಟ್ಟರೆ ಉಳಿದ ವೆಚ್ಚಗಳು ತಡವಾಗಿ ಬರುತ್ತವೆ: ಆಸನಕ್ಕೆ ಇಂತಿಷ್ಟೆಂಬ ತೆರಿಗೆ ಮೂರು ತಿಂಗಳಿಗೊಮ್ಮೆ, ವಿಮೆಯ ಕಂತು ವರ್ಷಕ್ಕೊಮ್ಮೆ, ಟಯರುಗಳು ಸವೆದಾಗ, ಎಂಜಿನ್ನು ಕೆಟ್ಟಾಗ, ಭವಿಷ್ಯನಿಧಿಯ ಹಣ ಕಟ್ಟಬೇಕಾದಾಗ, ಎಲ್ಲಕ್ಕಿಂತ ಹೆಚ್ಚಿನದಾಗಿ, ಹಳೆಯ ಗಾಡಿಯನ್ನು ತೆಗೆದು ಹೊಸದನ್ನು ತರಬೇಕಾದಾಗ. ಅಂದರೆ ಇಂದಿನ ಚೀಲದಲ್ಲಿ ಕಾಣುವ ಹಣದಲ್ಲಿ ದೊಡ್ಡ ಪಾಲು ಇಂದಿನದಲ್ಲ, ಮುಂದಿನ ತಿಂಗಳಿನದು, ಕೆಲವು ಪಾಲು ಐದು ವರ್ಷಗಳ ಮುಂದಿನದು. ಅದನ್ನು ತೆಗೆದಿರಿಸದೆ ವೆಚ್ಚ ಮಾಡಿದರೆ ಅಂದು ಯಾರಿಗೂ ತಿಳಿಯುವುದಿಲ್ಲ. ಬಸ್ಸು ಓಡುತ್ತದೆ, ಜನ ತುಂಬಿರುತ್ತಾರೆ, ಹಾರನ್ನು ಕೇಳಿಸುತ್ತದೆ. ಗೆದ್ದಲು ಹತ್ತಿದ ಮರದ ಕಂಬ ಬಣ್ಣದ ಹೊದಿಕೆಯಲ್ಲಿ ನಿಂತಿರುವಂತೆ ಸಂಸ್ಥೆಯು ನಿಂತಿರುತ್ತದೆ. ಆದುದರಿಂದ ಬಸ್ಸಿನ ಕಂಪೆನಿ "ಹಠಾತ್ತಾಗಿ" ಬಿದ್ದಿತೆಂಬುದು ರಸ್ತೆಯ ಬದಿಯಲ್ಲಿ ನಿಂತವರ ಮಾತು. ಲೆಕ್ಕದ ಪುಸ್ತಕವನ್ನು ನೋಡಿದವರಿಗೆ ಅದು ಹಠಾತ್ತಲ್ಲ.

ಡೀಸಲ್ಲಿನ ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಬಸ್ಸು ದಿನಕ್ಕೆ ೩೦೦ ಕಿಲೋಮೀಟರು ಓಡುವುದೆಂದೂ, ಏರಿಳಿತದ ರಸ್ತೆಯಲ್ಲಿ ಲೀಟರಿಗೆ ನಾಲ್ಕು ಕಿಲೋಮೀಟರು ಕೊಡುವುದೆಂದೂ ಊಹಿಸಿಕೊಳ್ಳಿ. ದಿನಕ್ಕೆ ೭೫ ಲೀಟರು ಬೇಕು. ಡೀಸಲ್ಲಿಗೆ ಲೀಟರಿಗೆ ಒಂದೇ ಒಂದು ರೂಪಾಯಿ ಹೆಚ್ಚಿದರೆ ಬಸ್ಸೊಂದಕ್ಕೆ ದಿನಕ್ಕೆ ೭೫ ರೂಪಾಯಿ. ಎಪ್ಪತ್ತು ಬಸ್ಸುಗಳಿಗೆ ೫,೨೫೦ ರೂಪಾಯಿ. ವರ್ಷಕ್ಕೆ ೧೯ ಲಕ್ಷಕ್ಕೂ ಮೇಲೆ. ಇದು ಒಂದು ರೂಪಾಯಿಯ ಲೆಕ್ಕ. ೨೦೧೩ರ ಜನವರಿಯಿಂದ ಡೀಸಲ್ಲಿನ ಬೆಲೆಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುವ ಕ್ರಮ ಬಂದಿತು. ೨೦೧೪ರ ಅಕ್ಟೋಬರಿನಲ್ಲಿ ಸರ್ಕಾರದ ಹಿಡಿತ ಪೂರ್ತಿಯಾಗಿ ಸಡಿಲವಾಯಿತು. ೨೦೧೭ರ ಜೂನ್ ತಿಂಗಳಿನಿಂದ ಬೆಲೆ ದಿನದಿನವೂ ಬದಲಾಗತೊಡಗಿತು. ಆದರೆ ಪ್ರಯಾಣದರವನ್ನು ಬಸ್ಸಿನ ಮಾಲೀಕನು ದಿನದಿನ ಬದಲಿಸುವಂತಿಲ್ಲ. ಅದರ ಮೇಲ್ಮಿತಿಯನ್ನು ಗೊತ್ತುಮಾಡುವುದು ಸರ್ಕಾರ. ಕೊಳ್ಳುವ ಬೆಲೆ ಪೇಟೆಯದು, ಮಾರುವ ಬೆಲೆ ಸರ್ಕಾರದ್ದು. ಎರಡರ ನಡುವೆ ಸಿಕ್ಕಿದವನ ಪಾಡನ್ನು ಅರ್ಥಶಾಸ್ತ್ರದ ಪಾಠವಿಲ್ಲದೆಯೂ ಅರಿಯಬಹುದು.

ಇಲ್ಲಿ ಶ್ರೋತೃಗಳು ನ್ಯಾಯವಾಗಿಯೇ ಕೇಳಬಹುದು: ಇದೇ ಡೀಸಲ್ಲು, ಇದೇ ತೆರಿಗೆ ಉಡುಪಿಯ ಇತರ ಬಸ್ಸಿನವರಿಗೂ ಉಂಟಲ್ಲ, ಅವರು ಹೇಗೆ ಉಳಿದರು? ಇದಕ್ಕೆ ಉತ್ತರ ಹೇಳಲು ನಮ್ಮ ಕರಾವಳಿಯ ಬಸ್ಸಿನ ಚರಿತ್ರೆಯನ್ನು ಸ್ವಲ್ಪ ನೆನೆಯಬೇಕಾಗುತ್ತದೆ. ಮಂಗಳೂರಿನಲ್ಲಿ ಸಿ.ಪಿ.ಸಿ. ಎಂದು ಹೆಸರಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ ೧೯೧೪ರಷ್ಟು ಹಿಂದೆಯೇ ಸ್ಥಾಪಿತವಾಯಿತು. ಮೈಸೂರು ಸಂಸ್ಥಾನದಲ್ಲಿ ೧೯೪೮ರಲ್ಲಿಯೇ ಸರ್ಕಾರವು ಬಸ್ಸುಗಳನ್ನು ತಾನೇ ಓಡಿಸಲಾರಂಭಿಸಿತು. ದಕ್ಷಿಣ ಕನ್ನಡವು ಆಗ ಮದರಾಸಿಗೆ ಸೇರಿದ್ದಿತಾಗಿ ಆ ಏರ್ಪಾಡಿನ ಹೊರಗುಳಿಯಿತು. ೧೯೫೬ರಲ್ಲಿ ಏಕೀಕರಣವಾದ ಮೇಲೆಯೂ ಇಲ್ಲಿಯ ರಸ್ತೆಗಳು ಬಹುಪಾಲು ಖಾಸಗಿಯವರ ಕೈಯಲ್ಲಿಯೇ ಉಳಿದವು. ಮುಂದೆ ೧೯೮೮ರ ಮೋಟಾರು ವಾಹನ ಕಾಯಿದೆಯು ಪರ್ಮಿಟ್ಟು ದೊರೆಯುವುದನ್ನು ಸುಲಭಗೊಳಿಸಿತು. ಒಂದೆರಡು ಗಾಡಿಗಳ ಒಡೆಯರೂ ರಸ್ತೆಗಿಳಿದರು.

ಈ ಚಿಕ್ಕ ಒಡೆಯನ ರೀತಿಯೇ ಬೇರೆ. ಅವನು ಜನ ತುಂಬುವ ದಾರಿಯನ್ನೂ ಜನ ತುಂಬುವ ವೇಳೆಯನ್ನೂ ನೋಡಿ ಓಡಿಸುತ್ತಾನೆ. ಡ್ರೈವರನಿಗೂ ಕಂಡಕ್ಟರನಿಗೂ ದಿನದ ಕೂಲಿ, ಜೊತೆಗೆ ಕಲೆಕ್ಷನ್ನಿನಲ್ಲಿ ಪಾಲು; ಬಸ್ಸು ಓಡದ ದಿನ ಕೂಲಿಯಿಲ್ಲ. (ನಮ್ಮ ರಸ್ತೆಗಳಲ್ಲಿ ಎರಡು ಬಸ್ಸುಗಳು ಪಂದ್ಯ ಕಟ್ಟಿದಂತೆ ಓಡುವುದನ್ನು ಕಂಡು ಹೆದರಿದವರಿಗೆ ಅದರ ಮೂಲ ಎಲ್ಲಿರುವುದೆಂದು ಈಗ ತಿಳಿದಿರಬಹುದು.) ನಷ್ಟದ ಕಾಲದಲ್ಲಿ ಗಾಡಿಯ ಕಾಗದಪತ್ರಗಳನ್ನು ಸಾರಿಗೆ ಕಚೇರಿಗೆ ಒಪ್ಪಿಸಿ ತೆರಿಗೆಯಿಂದ ಪಾರಾಗಬಹುದು, ಗಾಡಿಯನ್ನು ಮಾರಲೂಬಹುದು. ಸಹಕಾರ ಸಂಘಕ್ಕೆ ಇವು ಯಾವುವೂ ಸುಲಭವಲ್ಲ. ಅದರ ಕೆಲಸಗಾರನಿಗೆ ತಿಂಗಳ ಸಂಬಳವುಂಟು, ಭವಿಷ್ಯನಿಧಿಯುಂಟು. ನಷ್ಟದ ದಾರಿಯನ್ನು ಬಿಡೋಣವೆಂದರೆ ಆ ದಾರಿಯ ತುದಿಯಲ್ಲಿರುವುದು ಸದಸ್ಯನ ಸ್ವಂತ ಊರು. ಜನರನ್ನು ಕಡಮೆ ಮಾಡೋಣವೆಂದರೆ, ಆ ತೀರ್ಮಾನಕ್ಕೆ ಕೈಯೆತ್ತಬೇಕಾದವರೂ ಅದೇ ಜನ.

ಈ ಕೊನೆಯದು ಕೊಪ್ಪಕ್ಕೆ ಮಾತ್ರ ಸೇರಿದ ತೊಡಕಲ್ಲ. ಕೆಲಸಗಾರರೇ ಒಡೆಯರಾದ ಸಂಸ್ಥೆಗಳಲ್ಲಿ ಲೋಕಪ್ರಸಿದ್ಧವಾದದ್ದು ಸ್ಪೇನ್ ದೇಶದ ಮೊಂಡ್ರಗೋನ್. ಆ ಸಮೂಹದಲ್ಲಿ ಹಿರಿಯದಾಗಿದ್ದ, ಮನೆಬಳಕೆಯ ಯಂತ್ರಗಳನ್ನು ತಯಾರಿಸುತ್ತಿದ್ದ ಫಾಗೋರ್ ಎಂಬ ಸಂಸ್ಥೆ ೨೦೧೩ರಲ್ಲಿ ದಿವಾಳಿಯಾಯಿತು. ಆದರೆ ಅಲ್ಲಿ ಸಮೂಹದ ಇತರ ಸಂಸ್ಥೆಗಳಿದ್ದವು. ಕೆಲಸ ಕಳೆದುಕೊಂಡ ಸದಸ್ಯರಲ್ಲಿ ಅನೇಕರಿಗೆ ಅವುಗಳಲ್ಲಿ ಸ್ಥಾನ ದೊರೆಯಿತು. ಕೊಪ್ಪದ ಸಂಘಕ್ಕೆ ಅಂಥ ಒಡಹುಟ್ಟಿದವರಿರಲಿಲ್ಲ. ತೆರಿಗೆಯಲ್ಲಿ ರಿಯಾಯಿತಿ ಬೇಕೆಂಬ ಅದರ ಬೇಡಿಕೆ ಹಳೆಯದು. ಸರ್ಕಾರದ ಸಾರಿಗೆ ನಿಗಮವು ಪಾಸುಗಳಿಂದಾಗುವ ನಷ್ಟಕ್ಕೆ ಬೊಕ್ಕಸದ ಕಡೆಗೆ ಕೈಚಾಚಬಲ್ಲದು; ಅಂಥದೇ ಪಾಸನ್ನು ಕೊಡುವ ಸಹಕಾರ ಸಂಘ ಯಾರ ಕಡೆಗೆ ಚಾಚಬೇಕು? ಮೇಲಾಗಿ ನಿಗಮದ ಬಸ್ಸುಗಳು ಅದೇ ದಾರಿಗಳಲ್ಲಿ ಪೈಪೋಟಿಗೆ ಬಂದವು. ವರಮಾನ ಕುಗ್ಗಿತು, ಸಂಬಳ ಬಾಕಿ ಬಿದ್ದಿತು, ಕೊನೆಗೆ ಬಸ್ಸುಗಳು ನಿಂತವು.

ಕೆಲಸಗಾರರಿಗೆ ಆಡಳಿತ ಬಾರದು, ಆದ್ದರಿಂದಲೇ ಹೀಗಾಯಿತೆಂದು ಹೇಳುವವರುಂಟು. ನನಗೆ ಈ ಮಾತು ಒಪ್ಪಿಗೆಯಾಗುವುದಿಲ್ಲ. ಬಾರದವರು ಕೆಲವು ಗಾಡಿಗಳನ್ನು ಎಪ್ಪತ್ತು ಮಾಡಲಾರರು. ಸಂಘದ ತಪ್ಪುಗಳೇ ಇರಲಿಲ್ಲವೆಂದು ನಾನು ವಾದಿಸುವುದಿಲ್ಲ. ಆದರೆ ಸಾರ್ವಜನಿಕ ಸೇವೆಯ ಭಾರವನ್ನು ಹೊರಿಸಿ, ತೆರಿಗೆಯಲ್ಲಿ ಮಾತ್ರ ಲಾಭದ ವ್ಯಾಪಾರಿಯಂತೆ ಕಂಡರೆ, ಯಾವ ಆಡಳಿತವಾದರೂ ಎಷ್ಟು ಕಾಲ ತಡೆದೀತು? ೨೦೨೩ರ ಜೂನ್ ೧೧ರಿಂದ ಸರ್ಕಾರದ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತ ಪ್ರಯಾಣವನ್ನು ಕೊಟ್ಟ ಶಕ್ತಿ ಯೋಜನೆ ಬಂದ ಮೇಲೆ ಈ ಪ್ರಶ್ನೆ ಇನ್ನೂ ಹರಿತವಾಗಿದೆ. ಆ ಯೋಜನೆಯಿಂದ ಬಡ ಹೆಣ್ಣುಮಕ್ಕಳಿಗಾದ ಉಪಕಾರ ದೊಡ್ಡದು. ಆದರೆ ಸರ್ಕಾರದ ಬಸ್ಸೇ ಬಾರದ ಊರಿನ ಹೆಂಗಸಿಗೆ ಉಚಿತ ಟಿಕೆಟ್ಟಿನಿಂದ ಪ್ರಯೋಜನವಿಲ್ಲ. ಅವಳ ಊರಿಗೆ ಬರುತ್ತಿದ್ದ ಖಾಸಗಿ ಬಸ್ಸು ಪೇಟೆಯ ದಾರಿಯಲ್ಲಿ ಪ್ರಯಾಣಿಕರನ್ನು ಕಳೆದುಕೊಂಡರೆ ಅವಳ ಊರಿನ ಟ್ರಿಪ್ಪನ್ನೇ ಮೊದಲು ಬಿಟ್ಟುಬಿಡುತ್ತದೆ.

ಸಂಘ ನಿಂತ ಮರುತಿಂಗಳಿನಲ್ಲಿಯೇ ಕೊರೋನಾ ವ್ಯಾಧಿಯ ನಿಮಿತ್ತ ದೇಶವೆಲ್ಲ ಬಾಗಿಲು ಮುಚ್ಚಿತು. ಓಡುತ್ತಿದ್ದ ಬಸ್ಸುಗಳೂ ನಿಂತವು. ನಿಂತವು ಯಾವುವು, ಮೊದಲೇ ನಿಂತಿದ್ದವು ಯಾವುವು ಎಂದು ಎಣಿಸುವ ವ್ಯವಧಾನ ಯಾರಿಗೂ ಉಳಿಯಲಿಲ್ಲ. ಸುಮಾರು ೩೦೦ ಮಂದಿ ಕೆಲಸಗಾರರು ಬೇರೆ ಉದ್ಯೋಗವನ್ನು ಹುಡುಕಬೇಕಾಗಿ ಬಂದದ್ದು, ಯಾವ ಉದ್ಯೋಗವೂ ಇಲ್ಲದ ಆ ದಿನಗಳಲ್ಲಿ.

ನನ್ನ ವಿದ್ಯಾರ್ಥಿಯು ಕಾಲೇಜು ಮತ್ತೆ ತೆರೆದಾಗ ಹಿಂದಿರುಗಿದನು. ಊರಿಗೆ ಹೋಗುವುದು ಹೇಗೆಂದು ಕೇಳಿದೆ. ಕಾರ್ಕಳದವರೆಗೆ ಒಂದು ಬಸ್ಸು, ಅಲ್ಲಿಂದ ಬಜಗೋಳಿಗೆ ಇನ್ನೊಂದು, ಆಮೇಲೆ ಮಾಳದ ಘಾಟಿಯನ್ನು ಹತ್ತುವ ಯಾವುದಾದರೂ ವಾಹನಕ್ಕೆ ಕೈ ತೋರಿಸುವುದೆಂದು ಹೇಳಿದನು. ವಾರಕ್ಕೊಮ್ಮೆ ಹೋಗುತ್ತಿದ್ದವನು ತಿಂಗಳಿಗೊಮ್ಮೆ ಹೋಗತೊಡಗಿದನು.