ಕಾಲ್ಗುಣ ಚೆನ್ನಾಗಿದ್ದ ಅಭಿಮಾನಿಗಳು

1977ರ ಏಪ್ರಿಲ್ 10, ಈಸ್ಟರ್ ಭಾನುವಾರ. ದಕ್ಷಿಣ ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದ ಒಲಿಂಪಿಕೊ ಕ್ರೀಡಾಂಗಣದಲ್ಲಿ ಗ್ರೆಮಿಯೊ ತಂಡದ ಪಂದ್ಯವಿತ್ತು. ಗ್ಯಾಲರಿಗೆ ಅವತ್ತು ಒಂದು ಹೊಸ ಗುಂಪು ಬಂತು. ತಂಡದ ನೀಲಿ, ಕಪ್ಪು, ಬಿಳಿ ಬಣ್ಣಗಳ ಉದ್ದನೆಯ ನಿಲುವಂಗಿ, ಕೈಯಲ್ಲಿ ಬಾವುಟ, ಬೆನ್ನ ಹಿಂದೆ ವಾದ್ಯದವರು. ಬಂದವರು ಕೂರಲಿಲ್ಲ. ಸೊಂಟ ಬಳುಕಿಸಿ ಕುಣಿದರು, ಹಾಡಿದರು, ಪಂದ್ಯ ಮುಗಿಯುವವರೆಗೆ ಗಂಟಲಿಗೆ ಬಿಡುವು ಕೊಡಲಿಲ್ಲ. ತಮ್ಮ ಗುರುತನ್ನು ಮುಚ್ಚಿಡುವ ಗೊಡವೆಗೂ ಹೋಗಲಿಲ್ಲ, ಬ್ಯಾನರಿನ ಮೇಲೆ ದೊಡ್ಡದಾಗಿ ಬರೆದುಕೊಂಡಿದ್ದರು: ಕೋಲಿಗೇ.

ಹೆಸರು ಹುಟ್ಟಿದ ಬಗೆ ಸರಳ. ಊರಿನಲ್ಲಿ ಕೊಲಿಸೆವು ಎಂಬ ನೈಟ್‌ಕ್ಲಬ್ ಇತ್ತು, ಗೇ ಗಂಡಸರು ಸೇರುತ್ತಿದ್ದ ಜಾಗ. ಅದನ್ನು ನಡೆಸುತ್ತಿದ್ದ ವೊಲ್ಮಾರ್ ಸಾಂಟೋಸ್ ಗ್ರೆಮಿಯೊದ ಹುಚ್ಚು ಅಭಿಮಾನಿ. ತಂಡದ ಬೆಂಬಲಿಗರು ಸಪ್ಪೆ, ಗ್ಯಾಲರಿಯಲ್ಲಿ ಜೀವವೇ ಇಲ್ಲ ಎಂಬುದು ಅವರ ದೂರು. ತನ್ನ ಕ್ಲಬ್ಬಿಗೆ ಬರುವವರಿಗೆ ಕುಣಿಯಲು ಬರುತ್ತದೆ, ಹಾಡಲು ಬರುತ್ತದೆ, ರಾತ್ರಿಯಿಡೀ ನಿದ್ದೆಗೆಡಲೂ ಬರುತ್ತದೆ. ಇವರನ್ನೇ ಕ್ರೀಡಾಂಗಣಕ್ಕೆ ಕರೆದೊಯ್ದರೆ ಹೇಗೆ? ಹಾಗೆ ಹೊರಟವರೇ ಬ್ರೆಜಿಲ್‌ನ ಮೊದಲ ಬಹಿರಂಗ ಸಲಿಂಗಿ ಫುಟ್‌ಬಾಲ್ ಅಭಿಮಾನಿ ಬಳಗವಾದರು. ಗಮನಿಸಿ, ವೊಲ್ಮಾರ್ ಹಕ್ಕಿನ ಮಾತು ಆಡುತ್ತ ಹೊರಟವರಲ್ಲ. ಗದ್ದಲ ಸಾಲದು ಎಂದು ಹೊರಟವರು.

ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ಇದೆ. ವಿಶ್ವಕಪ್ ಬಂತೆಂದರೆ ಅಲ್ಲಿನ ಓಣಿಗಳು ಹಳದಿ ಹಸಿರಾಗುತ್ತವೆ. ಬ್ರೆಜಿಲ್ ಫುಟ್‌ಬಾಲ್ ಎಂದರೆ ನಮ್ಮಲ್ಲಿ ಬಹುತೇಕರ ಮನಸ್ಸಿಗೆ ಬರುವುದು ಆ ಬಣ್ಣ, ಆ ಸಾಂಬಾ. ಆದರೆ ಪೋರ್ಟೊ ಅಲೆಗ್ರೆ ಇರುವ ರಿಯೊ ಗ್ರಾಂಡೆ ದೊ ಸುಲ್ ರಾಜ್ಯದ ಮನೋಧರ್ಮ ಬೇರೆ. ಅದು ಕುದುರೆ ಸವಾರಿಯ, ದನಗಾಹಿಗಳ ನಾಡು. ಗಂಡಸುತನವನ್ನು ಮೀಸೆಯಂತೆ ತಿರುವಿಕೊಂಡು ಓಡಾಡುವ ನಾಡು. ದೇಶದಲ್ಲಿ 1964ರಿಂದ ಸೇನಾಡಳಿತ, 1977ರಲ್ಲಿ ಅಧ್ಯಕ್ಷರಾಗಿದ್ದ ಜನರಲ್ ಎರ್ನೆಸ್ಟೊ ಗೈಸೆಲ್ ಇದೇ ರಾಜ್ಯದವರು. ಪತ್ರಿಕೆಗಳ ಮೇಲೆ, ನಾಟಕಗಳ ಮೇಲೆ ಕಣ್ಣು. ಬ್ರೆಜಿಲ್‌ನ ಸಲಿಂಗಿಗಳ ಹೆಸರಾಂತ ಪತ್ರಿಕೆ 'ಲಾಂಪಿಯಾವ್ ದ ಎಸ್ಕಿನಾ' ಹೊರಬಂದದ್ದು, ಸಾವೊ ಪೌಲೊದಲ್ಲಿ 'ಸೋಮೊಸ್' ಎಂಬ ಹೋರಾಟದ ಗುಂಪು ಹುಟ್ಟಿದ್ದು 1978ರಲ್ಲಿ. ಅವೆರಡಕ್ಕಿಂತ ಒಂದು ವರ್ಷ ಮೊದಲೇ, ಎಲ್ಲರ ಕಣ್ಣಿಗೂ ಬೀಳುವ ಜಾಗದಲ್ಲಿ ಕೋಲಿಗೇ ಎದ್ದು ಕುಣಿಯುತ್ತಿತ್ತು ಎಂಬುದನ್ನು ಚಳವಳಿಯ ಚರಿತ್ರೆ ಬರೆದವರು ಬಹುಕಾಲ ಮರೆತೇಬಿಟ್ಟಿದ್ದರು. ಫುಟ್‌ಬಾಲ್ ಎಂದರೆ ಮೂಗು ಮುರಿಯುವ ಬುದ್ಧಿಜೀವಿಗಳು ಎಲ್ಲ ದೇಶದಲ್ಲೂ ಇರುತ್ತಾರೆ.

ಗ್ರೆಮಿಯೊ ಕೂಡ ಉದಾರ ಮನಸ್ಸಿಗೆ ಹೆಸರಾದ ಕ್ಲಬ್ ಆಗಿರಲಿಲ್ಲ. 1903ರಲ್ಲಿ ಶುರುವಾದ ಈ ಸಂಸ್ಥೆ ಕಪ್ಪು ಆಟಗಾರರಿಗೆ ಬಾಗಿಲು ತೆರೆದದ್ದು 1952ರಲ್ಲಿ, ಟೆಸೊರಿನ್ಯಾ ಬಂದಾಗ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದರ ಮರುವರ್ಷ ಕ್ಲಬ್ಬಿನ ಗೀತೆಯನ್ನು ರಚಿಸಿಕೊಟ್ಟವರು ಲುಪಿಸಿನಿಯೊ ರೊಡ್ರಿಗೆಸ್ ಎಂಬ ಕಪ್ಪು ಸಂಗೀತಗಾರ. ಗೀತೆಯನ್ನು ಎಲ್ಲರೂ ಎದೆ ತುಂಬಿ ಹಾಡಿದರು, ಹಾಡು ಕೊಟ್ಟವನ ಬಣ್ಣದ ಮಾತು ಯಾರೂ ಎತ್ತಲಿಲ್ಲ.

ಇಂಥ ಕಡೆ ಕೋಲಿಗೇಯನ್ನು ಹೂವು ಹಾಕಿ ಯಾರೂ ಕರೆಯಲಿಲ್ಲ. ಉಳಿದ ಅಭಿಮಾನಿ ಸಂಘಗಳಿಗೆ ಮುಜುಗರ, ಎದುರಾಳಿಗಳಿಗೆ ಮೋಜು. ಬೈಗುಳ, ಕಲ್ಲೇಟು, ಎಲ್ಲ ಆಯಿತು. ಅದಕ್ಕೆ ವೊಲ್ಮಾರ್ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ಅವರು ದೂರು ಕೊಡಲು ಓಡಲಿಲ್ಲ, ತನ್ನ ಹುಡುಗರನ್ನು ಕರಾಟೆ ತರಗತಿಗೆ ಸೇರಿಸಿದರು. ಜಗಳ ಹುಡುಕಿಕೊಂಡು ಬಂದವರು ಒಂದೆರಡು ಸಲ ಏಟು ತಿಂದು ಹೋದ ಮೇಲೆ ಆ ಕಡೆ ಸುಳಿಯುವುದು ಕಡಿಮೆಯಾಯಿತಂತೆ. ನಿಲುವಂಗಿ ತೊಟ್ಟು ಕುಣಿಯುವವನಿಗೆ ಒದೆಯಲೂ ಬರುತ್ತದೆ ಎಂಬ ಸುದ್ದಿ ಊರಲ್ಲಿ ಹರಡಲು ಎಷ್ಟು ಹೊತ್ತು ಬೇಕು?

ಆದರೆ ಅವರನ್ನು ನಿಜಕ್ಕೂ ಉಳಿಸಿದ್ದು ಕರಾಟೆಯಲ್ಲ, ಕಾಲ್ಗುಣ.

ಊರಿನ ಇನ್ನೊಂದು ತಂಡ ಇಂಟರ್ನಾಸಿಯೊನಾಲ್, ಗ್ರೆಮಿಯೊದ ಹುಟ್ಟಾ ವೈರಿ. 1969ರಿಂದ 1976ರವರೆಗೆ ಎಂಟು ವರ್ಷ ಸತತವಾಗಿ ರಾಜ್ಯ ಪ್ರಶಸ್ತಿ ಗೆದ್ದು, 1975 ಮತ್ತು 76ರಲ್ಲಿ ರಾಷ್ಟ್ರೀಯ ಪ್ರಶಸ್ತಿಯನ್ನೂ ಬಗಲಿಗೆ ಹಾಕಿಕೊಂಡಿತ್ತು. ಗ್ರೆಮಿಯೊದವರು ಎಂಟು ವರ್ಷ ಬೀದಿಯಲ್ಲಿ ತಲೆ ತಗ್ಗಿಸಿಕೊಂಡೇ ನಡೆದಿದ್ದರು. 1977ರಲ್ಲಿ ಗ್ರೆಮಿಯೊದ ತರಬೇತುದಾರರಾಗಿದ್ದವರು ಟೆಲೆ ಸಾಂಟಾನಾ (1982ರ ವಿಶ್ವಕಪ್‌ನ ಆ ಸುಂದರ ಬ್ರೆಜಿಲ್ ತಂಡವನ್ನು ಮುಂದೆ ಕಟ್ಟಿದವರು ಇವರೇ). ಅದೇ ವರ್ಷ ಕೋಲಿಗೇ ಬಂತು. ಸೆಪ್ಟೆಂಬರ್ 25ರ ರಾಜ್ಯ ಪ್ರಶಸ್ತಿಯ ಫೈನಲ್‌ನಲ್ಲಿ ಆಂದ್ರೆ ಕಟಿಂಬಾ ಗೋಲು ಹೊಡೆದರು. ಹೊಡೆದ ಖುಷಿಗೆ ಗಾಳಿಯಲ್ಲಿ ಲಾಗ ಹಾಕಲು ಹೋದರು. ಮೈ ಅರ್ಧ ತಿರುಗಿತು, ಇನ್ನರ್ಧ ತಿರುಗಲಿಲ್ಲ, ಮೇಲಿನಿಂದ ದೊಪ್ಪನೆ ಹೊಟ್ಟೆ ಅಡಿಯಾಗಿ ನೆಲಕ್ಕೆ ಬಿದ್ದರು. ಗಾಯವಾಗಿ ಮೈದಾನದಿಂದ ಹೊರಗೆ ಹೋಗಬೇಕಾಯಿತು. ಗಾಳಿಯಲ್ಲಿ ಕೈಕಾಲು ಚಾಚಿಕೊಂಡಿರುವ ಅವರ ಫೋಟೊ ಇಂದಿಗೂ ಗ್ರೆಮಿಯೊ ಮನೆಗಳಿಗೆಲ್ಲ ಗೊತ್ತು. ಪಂದ್ಯ 1–0. ಎಂಟು ವರ್ಷದ ಗ್ರಹಚಾರ ಬಿಟ್ಟಿತು.

ಗೆಲುವಿಗೆ ಕಾರಣ ಟೆಲೆಯ ತಂತ್ರ ಎಂದು ತಿಳಿದವರು ಹೇಳಿದರು. ಗ್ಯಾಲರಿಯ ಜನ ಹೇಳಿದ್ದು ಬೇರೆ: ಆ ಹುಡುಗರು ಬಂದ ಮೇಲೆಯೇ ಅಲ್ಲವೇ ನಾವು ಗೆದ್ದದ್ದು! ಅಲ್ಲಿಂದ ಕೋಲಿಗೇ ಶುಭ ಶಕುನವಾಯಿತು. ಈ ಕೀರ್ತಿ ಎಲ್ಲಿಯವರೆಗೆ ಹೋಯಿತೆಂದರೆ, ಇಪ್ಪತ್ತೆರಡು ವರ್ಷದಿಂದ ರಾಜ್ಯ ಪ್ರಶಸ್ತಿ ಕಾಣದಿದ್ದ ಸಾವೊ ಪೌಲೊದ ಕೊರಿಂಥಿಯನ್ಸ್ ತಂಡದ ಅಧ್ಯಕ್ಷರು ಅದೇ ಅಕ್ಟೋಬರ್‌ನ ಫೈನಲ್‌ಗೆ ಇವರನ್ನು ಕರೆಸಿಕೊಂಡರೆಂಬ ಕತೆ ಬ್ರೆಜಿಲ್‌ನಲ್ಲಿ ಇಂದಿಗೂ ಓಡಾಡುತ್ತದೆ. ಕತೆಯಲ್ಲಿ ಉಪ್ಪುಖಾರ ಎಷ್ಟೇ ಇರಲಿ, ಕೊರಿಂಥಿಯನ್ಸ್ ಗೆದ್ದದ್ದಂತೂ ನಿಜ.

ಇಲ್ಲಿ ನಾನು ಸ್ವಲ್ಪ ತಡೆಯುತ್ತೇನೆ. ಇದನ್ನು ಸ್ವೀಕಾರ ಎನ್ನಬಹುದೇ? ನಮ್ಮ ಮನೆಗಳಲ್ಲಿ ಹೊಸ ಸೊಸೆಯ ಕಾಲ್ಗುಣ ಹೊಗಳುವುದನ್ನು ಕೇಳಿದ್ದೇವೆ. ಬೆಳೆ ಬಂದ ವರ್ಷ ಆಕೆ ಲಕ್ಷ್ಮಿ, ಬಾರದ ವರ್ಷ ಆಕೆಯ ಪಾಡು ಹೇಳತೀರದು. ಕೋಲಿಗೇಗೆ ಸಿಕ್ಕ ಪ್ರೀತಿಯೂ ಷರತ್ತಿನ ಪ್ರೀತಿ. ಆದರೂ ಅದನ್ನು ತೆಗೆದುಹಾಕಲು ಮನಸ್ಸು ಬಾರದು. ಹೊರಗೆ ಕೆಲಸದಲ್ಲಿ, ಮನೆಯಲ್ಲಿ ಬಾಯಿ ಮುಚ್ಚಿಕೊಂಡಿರುತ್ತಿದ್ದ ಗಂಡಸರಿಗೆ ಭಾನುವಾರ ಮಧ್ಯಾಹ್ನ ಸಾವಿರಾರು ಜನರ ಎದುರು ತಾವು ತಾವೇ ಆಗಿ ಕೂಗುವ ಜಾಗ ಒಂದು ಸಿಕ್ಕಿತು. ಗೋಲಾದಾಗ ಪಕ್ಕದ ಸಾಲಿನ ಅಪರಿಚಿತ ತಬ್ಬಿಕೊಂಡ. ಆ ಅಪ್ಪುಗೆಗೆ ಮೂಢನಂಬಿಕೆ ಕಾರಣವಾಗಿದ್ದರೂ ತೋಳು ನಿಜವಾದ್ದೇ.

ಕೋಲಿಗೇ ನೋಡಿ ಉಳಿದ ಊರುಗಳಲ್ಲೂ ಗುಂಪುಗಳು ತಲೆ ಎತ್ತಿದವು. ಎದುರಾಳಿ ಇಂಟರ್ನಾಸಿಯೊನಾಲ್‌ಗೆ ಇಂಟರ್‌ಫ್ಲವರ್ಸ್. ರಿಯೊದಲ್ಲಿ ಕಾರ್ನಿವಲ್ ವೇಷಭೂಷಣಗಳಿಗೆ ಹೆಸರಾದ ಕ್ಲೋವಿಸ್ ಬೊರ್ನಾಯ್ 1979ರಲ್ಲಿ ಫ್ಲಾಮೆಂಗೊ ತಂಡಕ್ಕೆಂದು ಫ್ಲಾಗೇ ಕಟ್ಟಿದರು. ಯಾವುದೂ ಬಹುಕಾಲ ಬಾಳಲಿಲ್ಲ. ಕೋಲಿಗೇ ಮಾತ್ರ 1981ರ ರಾಷ್ಟ್ರೀಯ ಪ್ರಶಸ್ತಿಯನ್ನೂ ಕಂಡಿತು, 1983ರ ಹೊತ್ತಿಗೆ ನಿಂತಿತು. ಕಾರಣ ಪೊಲೀಸರೂ ಅಲ್ಲ, ಕ್ಲಬ್ಬೂ ಅಲ್ಲ. ತಾಯಿಗೆ ಕಾಯಿಲೆಯಾಗಿ ವೊಲ್ಮಾರ್ ತಮ್ಮ ಹುಟ್ಟೂರು ಪಾಸೊ ಫುಂಡೊಗೆ ಹಿಂತಿರುಗಿದರು. ಒಬ್ಬರ ಹೆಗಲ ಮೇಲೆ ನಿಂತ ಸಂಘಗಳ ಹಣೆಬರಹವೇ ಇದು.

ಆಮೇಲೆ ನಡೆದದ್ದು ಬೇಸರದ ಕತೆ. ಎದುರಾಳಿಗಳು ಗ್ರೆಮಿಯೊದವರನ್ನೆಲ್ಲ ಸಲಿಂಗಿಗಳೆಂದು ಹಂಗಿಸಲು ಕೋಲಿಗೇಯನ್ನು ಬಳಸಿಕೊಂಡರು, ಹಂಗಿಗೆ ನಾಚಿದ ಗ್ರೆಮಿಯೊದವರು ಆ ಹೆಸರನ್ನೇ ಅಟ್ಟದ ಮೇಲೆ ಎಸೆದರು. ಪತ್ರಕರ್ತ ಲಿಯೊ ಗೆರ್ಷ್‌ಮನ್ ಈ ಬಳಗದ ಮೇಲೆ ಪುಸ್ತಕ ಬರೆದು ಅದನ್ನು ಮತ್ತೆ ಕೆಳಗಿಳಿಸಿದ್ದು 2014ರಲ್ಲಿ. ಅದೇ ವರ್ಷದ ಆಗಸ್ಟ್‌ನಲ್ಲಿ ಸಾಂಟೋಸ್ ತಂಡದ ಗೋಲ್‌ಕೀಪರ್ ಅರಾನ್ಯಾ ಅವರನ್ನು ಗ್ರೆಮಿಯೊ ಪ್ರೇಕ್ಷಕರು ವರ್ಣದ ಹೆಸರಿನಲ್ಲಿ ಬೈದದ್ದರಿಂದ ಕ್ಲಬ್ಬು ಬ್ರೆಜಿಲ್ ಕಪ್ ಪಂದ್ಯಾವಳಿಯಿಂದಲೇ ಹೊರಬಿತ್ತು. ಒಂದೇ ಗ್ಯಾಲರಿಯಲ್ಲಿ ಎರಡೂ ಬಗೆಯ ನೆನಪುಗಳಿವೆ.

ಇಂಗ್ಲೆಂಡಿನ ದಾರಿ ಇದಕ್ಕೆ ತದ್ವಿರುದ್ಧ. ಅಲ್ಲಿ ಮೊದಲು ಬಂದದ್ದು ಕುಣಿತವಲ್ಲ, ಸದಸ್ಯರ ಪಟ್ಟಿ. 1989ರಲ್ಲಿ ಗೇ ಫುಟ್‌ಬಾಲ್ ಸಪೋರ್ಟರ್ಸ್ ನೆಟ್‌ವರ್ಕ್ ಶುರುವಾಯಿತು, ಯಾವುದೇ ಒಂದು ತಂಡಕ್ಕೆ ಸೇರದ, ದೇಶವ್ಯಾಪಿ ಬಳಗ. ಗೇ ಬಾರಿನಲ್ಲಿ ಫುಟ್‌ಬಾಲ್ ಮಾತು ತೆಗೆದರೆ ಅಲ್ಲಿನವರಿಗೆ ಬೇಸರ, ಫುಟ್‌ಬಾಲ್ ಪಬ್ಬಿನಲ್ಲಿ ಗೆಳೆಯನ ಮಾತು ತೆಗೆದರೆ ಇಲ್ಲಿನವರಿಗೆ ಇರಿಸುಮುರಿಸು. ಇಂಥ ಎರಡು ಕಡೆಯ ಒಂಟಿತನದಲ್ಲಿದ್ದವರು ಒಬ್ಬರನ್ನೊಬ್ಬರು ಹುಡುಕಿಕೊಂಡರು. ಮರುವರ್ಷವೇ ಜಸ್ಟಿನ್ ಫಶಾನು ತಾನು ಸಲಿಂಗಿ ಎಂದು ಪತ್ರಿಕೆಗೆ ಹೇಳಿದರು. 1981ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಹತ್ತು ಲಕ್ಷ ಪೌಂಡು ಕೊಟ್ಟು ಕೊಂಡಿದ್ದ ಆಟಗಾರ, ಆ ಬೆಲೆ ಪಡೆದ ಮೊದಲ ಕಪ್ಪು ಬ್ರಿಟಿಷ್ ಫುಟ್‌ಬಾಲಿಗ. ಸ್ವಂತ ತಮ್ಮನೇ ಪತ್ರಿಕೆಯಲ್ಲಿ ಅವರನ್ನು ತಿರಸ್ಕರಿಸಿದ. 1998ರ ಮೇ ತಿಂಗಳಲ್ಲಿ ಫಶಾನು ಪ್ರಾಣ ಕಳೆದುಕೊಂಡರು. ಇಂಗ್ಲೆಂಡಿನಲ್ಲಿ ಆಡುತ್ತಿರುವಾಗಲೇ ಹೀಗೆ ಹೇಳಿಕೊಂಡ ಮತ್ತೊಬ್ಬ ವೃತ್ತಿಪರ ಪುರುಷ ಆಟಗಾರ ಸಿಕ್ಕಿದ್ದು 2022ರ ಮೇ ತಿಂಗಳಲ್ಲಿ: ಬ್ಲ್ಯಾಕ್‌ಪೂಲ್‌ನ ಜೇಕ್ ಡೇನಿಯಲ್ಸ್, ಹದಿನೇಳರ ಹುಡುಗ. ಮೂವತ್ತಕ್ಕೂ ಹೆಚ್ಚು ವರ್ಷದ ಈ ಮೌನದಲ್ಲಿ ಆಟಗಾರರು ಆಡದ ಮಾತನ್ನು ಆಡಿದವರು ಟಿಕೆಟ್ ಕೊಂಡು ಬರುವ ಅಭಿಮಾನಿಗಳು.

2013ರಲ್ಲಿ ಆರ್ಸೆನಲ್ ಅಭಿಮಾನಿಗಳ ಗೇ ಗೂನರ್ಸ್ ಹುಟ್ಟಿತು. ಹಿಂದೆಯೇ ನಾರ್ವಿಚ್‌ನ ಪ್ರೌಡ್ ಕ್ಯಾನರೀಸ್, ಟಾಟನ್‌ಹ್ಯಾಮ್‌ನ ಪ್ರೌಡ್ ಲಿಲಿವೈಟ್ಸ್, ಮ್ಯಾಂಚೆಸ್ಟರ್ ಸಿಟಿಯ ಕೆನಾಲ್ ಸ್ಟ್ರೀಟ್ ಬ್ಲೂಸ್ ಬಂದವು. ಇವುಗಳ ಕೆಲಸ ದೂರದಿಂದ ನೋಡಿದರೆ ಏನೂ ಇಲ್ಲ ಎನಿಸುತ್ತದೆ. ಒಟ್ಟಿಗೆ ಟಿಕೆಟ್ ಕೊಳ್ಳುವುದು, ಪಂದ್ಯಕ್ಕೆ ಮುಂಚೆ ಒಂದು ಪಬ್ಬಿನಲ್ಲಿ ಸೇರುವುದು, ಕ್ರೀಡಾಂಗಣದ ಅಂಚಿಗೆ ತಮ್ಮ ಬ್ಯಾನರ್ ಕಟ್ಟುವುದು, ಹೊಲಸು ಕೂಗು ಕೇಳಿದರೆ ಯಾರಿಗೆ ಹೇಗೆ ದೂರು ಕೊಡಬೇಕೆಂದು ಹೊಸಬರಿಗೆ ತಿಳಿಸುವುದು. ಬ್ರೈಟನ್ ತಂಡದ ಅಭಿಮಾನಿಗಳನ್ನು ಕೇಳಿ. ಅವರ ಊರು ಸಲಿಂಗಿಗಳಿಗೆ ಹೆಸರಾದ್ದರಿಂದ, ಅವರು ಎಲ್ಲಿಗೆ ಹೋದರೂ ಎದುರಿನ ಗ್ಯಾಲರಿ 'ನೀನು ಇಲ್ಲಿಗೆ ಬಂದದ್ದು ನಿನ್ನ ಗೆಳೆಯನಿಗೆ ಗೊತ್ತೇನು' ಎಂಬರ್ಥದಲ್ಲಿ ರಾಗವಾಗಿ ಹಾಡುತ್ತದೆ. ತಮಾಷೆ ಎನ್ನುವವರೇ ಹೆಚ್ಚು. ಸುತ್ತ ಎಲ್ಲರೂ ಹಾಡುವಾಗ ಒಬ್ಬನೇ ಕೂತವನು ತಗ್ಗಿಸಿದ ತಲೆ ಎತ್ತಲಾರ. ಹತ್ತು ಜನ ಜೊತೆಗಿದ್ದರೆ ತಿರುಗಿ ನೋಡುತ್ತಾನೆ, ಎದ್ದು ನಿಲ್ಲುತ್ತಾನೆ. ಸಂಘ ಎಂದರೆ ಇಷ್ಟೇ, ಇದು ಕಡಿಮೆಯೇನಲ್ಲ. ಜನಾಂಗದ ಹೆಸರಿನ ಕೂಗನ್ನು ಅಲ್ಲಿನ ಫುಟ್‌ಬಾಲ್ ಕಾಯ್ದೆ 1991ರಲ್ಲೇ ಅಪರಾಧ ಮಾಡಿತ್ತು. ಚೆಲ್ಸಿಯವರನ್ನು ಹಂಗಿಸುವ ಒಂದು ಹಳೆಯ ಘೋಷಣೆಯನ್ನು ಸಲಿಂಗಿದ್ವೇಷವೆಂದೇ ಪರಿಗಣಿಸುವುದಾಗಿ ಪ್ರಾಸಿಕ್ಯೂಷನ್ ಇಲಾಖೆ ಹೇಳಲು 2022ರ ಜನವರಿ ಬರಬೇಕಾಯಿತು.

ಬ್ರೆಜಿಲ್‌ನಲ್ಲಿ ಕೋರ್ಟು ಮೊದಲು ಮಾತಾಡಿತು. 2019ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಸಲಿಂಗಿದ್ವೇಷವನ್ನು ವರ್ಣದ್ವೇಷದಂತೆಯೇ ಅಪರಾಧ ಎಂದಿತು. ಆಗಸ್ಟ್‌ನಲ್ಲಿ ರಿಯೊದ ವಾಸ್ಕೊ ಮತ್ತು ಸಾವೊ ಪೌಲೊ ತಂಡಗಳ ನಡುವಿನ ಪಂದ್ಯದಲ್ಲಿ ಪ್ರೇಕ್ಷಕರು ಹಳೇ ಬೈಗುಳ ಹಾಡತೊಡಗಿದಾಗ ರೆಫರಿ ಆಂಡರ್ಸನ್ ದರೊಂಕೊ ಆಟ ನಿಲ್ಲಿಸಿದರು. ವಾಸ್ಕೊ ತರಬೇತುದಾರ ಲುಶೆಂಬುರ್ಗೊ ತಮ್ಮದೇ ಅಭಿಮಾನಿಗಳತ್ತ ತಿರುಗಿ, ಸಾಕು ನಿಲ್ಲಿಸಿ ಎಂದು ಕೈಬೀಸಿದರು. ಎರಡು ವರ್ಷದ ಮೇಲೆ ಅದೇ ತಂಡದ ಹೆರ್ಮಾನ್ ಕಾನೊ ಗೋಲು ಹೊಡೆದು, ಕಾಮನಬಿಲ್ಲಿನ ಬಣ್ಣದ ಕಾರ್ನರ್ ಬಾವುಟವನ್ನು ಕಿತ್ತು ಮೇಲೆತ್ತಿದರು. ಕೋವಿಡ್ ಕಾಲ, ನೋಡಲು ಗ್ಯಾಲರಿಯಲ್ಲಿ ಜನ ಇರಲಿಲ್ಲ.

ಕೊನೆಗೆ ಅಂಕಿಯ ಮಾತು. ಬ್ರೆಜಿಲ್‌ನಲ್ಲಿ ನಮ್ಮ ಮಟ್ಕಾದಂಥ ಪ್ರಾಣಿಗಳ ಲಾಟರಿಯೊಂದಿದೆ. ಅದರಲ್ಲಿ 24 ಜಿಂಕೆಯ ಸಂಖ್ಯೆ, ಜಿಂಕೆ ಎನ್ನುವುದು ಅಲ್ಲಿ ಸಲಿಂಗಿಗಳಿಗೆ ಬೈಗುಳ. ಅದಕ್ಕೇ ಅಲ್ಲಿನ ಆಟಗಾರರು 24ರ ಅಂಗಿ ಮುಟ್ಟುತ್ತಿರಲಿಲ್ಲ. 2020ರಲ್ಲಿ ಕೆಲವು ಕ್ಲಬ್ಬುಗಳಲ್ಲಿ ಬೇಕೆಂದೇ ಅದನ್ನು ತೊಟ್ಟರು. ಆದರೂ 2021ರ ಕೋಪಾ ಅಮೆರಿಕಾದಲ್ಲಿ ರಾಷ್ಟ್ರೀಯ ತಂಡ 23ರಿಂದ ನೇರ 25ಕ್ಕೆ ಹಾರಿತು, ಸಲಿಂಗಿಗಳ ಸಂಘಟನೆಯೊಂದು ಕೋರ್ಟಿಗೆ ಹೋಗಿ ಕಾರಣ ಕೇಳಿತು. ಮರುವರ್ಷ ಕತಾರ್ ವಿಶ್ವಕಪ್‌ನಲ್ಲಿ ಡಿಫೆಂಡರ್ ಬ್ರೆಮರ್ ಬೆನ್ನಿನ ಮೇಲೆ 24 ಇತ್ತು. ಅದನ್ನು ಪೂರ್ತಿ ಧೈರ್ಯದ ಲೆಕ್ಕಕ್ಕೆ ಬರೆಯುವ ಹಾಗಿಲ್ಲ: ವಿಶ್ವಕಪ್‌ನಲ್ಲಿ 26 ಆಟಗಾರರಿಗೆ 1ರಿಂದ 26ರವರೆಗಿನ ಅಂಕಿಗಳನ್ನೇ ಹಂಚಬೇಕು, ನಡುವೆ ಒಂದನ್ನು ಬಿಡಲು ನಿಯಮವಿಲ್ಲ.