ಜೀವಶಾಸ್ತ್ರದ ಸಂಶೋಧನಾ ವೃತ್ತಿ: ಮನೆಯವರು ತಿಳಿಯತಕ್ಕ ಮಾತು

ಮಕ್ಕಳು ವೈದ್ಯರಾಗಲೆಂದು ಹಾರೈಸುವ ತಾಯಿತಂದೆಗಳು ನಮ್ಮಲ್ಲಿ ಬಹು ಮಂದಿ. ಅದೇ ಮಗನೋ ಮಗಳೋ ಜೀವಶಾಸ್ತ್ರದಲ್ಲಿ ಸಂಶೋಧನೆ ಮಾಡುವೆನೆಂದರೆ ಮನೆಯವರಿಗೆ ದಿಕ್ಕು ತೋಚದು. ಆ ವೃತ್ತಿಯಲ್ಲಿ ಅನ್ನವುಂಟೆ? ನೆಲೆ ನಿಲ್ಲಲು ಎಷ್ಟು ವರ್ಷ ಬೇಕು? ಇವು ನ್ಯಾಯವಾದ ಪ್ರಶ್ನೆಗಳು. ಮುಚ್ಚುಮರೆಯಿಲ್ಲದ ಉತ್ತರಕ್ಕೆ ಅರ್ಹವಾದವು.

ಜೀವಕೋಶದೊಳಗಿನ ಅಣುಗಳ ವ್ಯಾಪಾರವನ್ನು ಶೋಧಿಸುವುದು ಆಣ್ವಿಕ ಜೀವಶಾಸ್ತ್ರ. ಜೀವಜಾತಿಗಳು ಪೀಳಿಗೆಯಿಂದ ಪೀಳಿಗೆಗೆ ಮಾರ್ಪಡುವ ಬಗೆಯನ್ನು ವಿಚಾರಿಸುವುದು ವಿಕಾಸಶಾಸ್ತ್ರ. ೧೯೬೨ರಲ್ಲಿ ಒಬೈದ್ ಸಿದ್ದಿಕಿಯವರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಆಣ್ವಿಕ ಜೀವಶಾಸ್ತ್ರದ ವಿಭಾಗವನ್ನು ಆರಂಭಿಸಿದರು. ಆ ಬಳ್ಳಿಯೇ ಮುಂದೆ ಬೆಂಗಳೂರಿಗೆ ಹಬ್ಬಿ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರವಾಯಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ, ೧೯೮೯ರಲ್ಲಿ ಹುಟ್ಟಿದ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿಯೂ ಈ ಶಾಸ್ತ್ರಗಳ ಅಭ್ಯಾಸಕ್ಕೆ ಅವಕಾಶವುಂಟು.

ಈ ವೃತ್ತಿಯು ಮೆಟ್ಟಿಲುಮೆಟ್ಟಿಲಾಗಿ ಏರತಕ್ಕದ್ದು. ಎಂ.ಎಸ್‌ಸಿ. ಮುಗಿಸಿದವರು ಸಿ.ಎಸ್.ಐ.ಆರ್.–ಯು.ಜಿ.ಸಿ. ನೆಟ್ ಪರೀಕ್ಷೆಯನ್ನು ಬರೆಯುತ್ತಾರೆ. ಅದರಲ್ಲಿ ಮೇಲಿನ ಸ್ಥಾನ ಪಡೆದವರಿಗೆ ಜೆ.ಆರ್.ಎಫ್. ಎಂಬ ಸಂಶೋಧನಾ ವೇತನ ದೊರೆಯುತ್ತದೆ. ೨೦೨೩ರ ಜನವರಿಯಿಂದ ಇದನ್ನು ತಿಂಗಳಿಗೆ ೩೭,೦೦೦ ರೂಪಾಯಿಗೆ ಏರಿಸಲಾಯಿತು. ಎರಡು ವರ್ಷಗಳ ತರುವಾಯ ದೊರೆಯುವ ಹಿರಿಯ ವೇತನವನ್ನು ೪೨,೦೦೦ಕ್ಕೆ ಏರಿಸಲಾಯಿತು. ಡಾಕ್ಟರೇಟಿಗೆ ಐದಾರು ವರ್ಷ ಹಿಡಿಯುವುದು ಸಾಮಾನ್ಯ. ಅಲ್ಲಿಗೂ ದಾರಿ ಮುಗಿಯದು. ಸ್ವದೇಶದಲ್ಲಿಯೋ ವಿದೇಶದಲ್ಲಿಯೋ ಕೆಲವು ವರ್ಷ ತಾತ್ಕಾಲಿಕ ಹುದ್ದೆಗಳಲ್ಲಿ ದುಡಿದ ಮೇಲೆಯೇ ಪ್ರಾಧ್ಯಾಪಕ ಪದವಿಯ ಮಾತು. ಆ ಹೊತ್ತಿಗೆ ವಯಸ್ಸು ಮೂವತ್ತು ದಾಟಿರುತ್ತದೆ. ಸ್ಥಾನಗಳೋ ಕೆಲವೇ, ಅರ್ಜಿದಾರರು ಅನೇಕರು.

ಆದುದರಿಂದ ಹುದ್ದೆಯ ಪ್ರಕಟಣೆಯನ್ನು ಕಂಡೊಡನೆ ಹಿಗ್ಗದೆ ನಾಲ್ಕು ಸಂಗತಿಗಳನ್ನು ವಿಚಾರಿಸಬೇಕು. ಹುದ್ದೆಯ ಅವಧಿ ಎಷ್ಟು? ಯೋಜನೆಯ ಹಣ ತೀರಿದರೆ ಹುದ್ದೆಯೂ ತೀರುವುದೇ? ಅದರಲ್ಲಿದ್ದುಕೊಂಡೇ ಡಾಕ್ಟರೇಟಿಗೆ ನೋಂದಾಯಿಸಿಕೊಳ್ಳಬಹುದೇ? ಆ ಮಾರ್ಗದರ್ಶಕರ ಹಿಂದಿನ ಶಿಷ್ಯರು ಈಗ ಎಲ್ಲಿರುವರು? ಕೊನೆಯ ಪ್ರಶ್ನೆಗೆ ಉತ್ತರವು ಪ್ರಕಟಣೆಯಲ್ಲಿರದು. ಶಿಷ್ಯರನ್ನೇ ಕೇಳಿ ತಿಳಿಯಬೇಕು. ಸಂಶೋಧನಾ ವೇತನವು ಕೆಲವೊಮ್ಮೆ ತಿಂಗಳುಗಟ್ಟಲೆ ತಡವಾಗಿ ಕೈಸೇರುವುದೂ ಉಂಟು. ಆಗ ಮನೆಯ ಆಸರೆಯಿಲ್ಲದವರಿಗೆ ಬಲು ಕಷ್ಟ.

ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು. ಡಾಕ್ಟರೇಟಿನ ವರ್ಷಗಳೂ ಮದುವೆಯ ಮಾತುಕತೆಯ ವರ್ಷಗಳೂ ಒಂದೇ ಆಗಿರುವುದರಿಂದ ಎಷ್ಟೋ ಅಭ್ಯಾಸಗಳು ನಡುವೆಯೇ ನಿಂತುಹೋಗುತ್ತವೆ. ಹೆಣ್ಣೆಂಬ ಕಾರಣದಿಂದ ಭಾರತೀಯ ವಿಜ್ಞಾನ ಸಂಸ್ಥೆಯು ಮೊದಲು ನಿರಾಕರಿಸಿದ ಕಮಲಾ ಭಾಗವತರು, ಪಟ್ಟುಬಿಡದೆ ೧೯೩೩ರಲ್ಲಿ ಅಲ್ಲಿ ಪ್ರವೇಶ ಪಡೆದು, ೧೯೩೯ರಲ್ಲಿ ಕೇಂಬ್ರಿಜಿನ ಡಾಕ್ಟರೇಟ್ ಗಳಿಸಿದರು. ಅಂದು ಸಂಸ್ಥೆಯ ಬಾಗಿಲು ಮುಚ್ಚಿತ್ತು. ಇಂದು ಅದು ತೆರೆದಿದೆ. ಮನೆಯ ಬಾಗಿಲನ್ನು ತೆರೆಯತಕ್ಕವರು ನಾವೇ.

ಮಗುವಿಗೆ ನಿಜವಾದ ಕುತೂಹಲವಿದ್ದರೆ ತಡೆಯಬೇಡಿರಿ. ಇಲ್ಲದಿದ್ದರೆ ಕೀರ್ತಿಯಾಸೆಯಿಂದ ನೂಕಲೂ ಬೇಡಿರಿ. ಹತ್ತು ವರ್ಷಗಳ ಲೆಕ್ಕವನ್ನು ಮಗುವಿನೊಡನೆ ಕುಳಿತು ಹಾಕಿ, ಅನಂತರ ಹರಸಿ ಕಳುಹಿರಿ.